ಟ್ರ್ಯಾಕ್ಟರ್ ಕೀಲಿಯ ಬಗ್ಗೆ ಒಂದು ಮೇಲ್ಮನವಿ

ಮನೆ, ಹಿಂಬಾಗಿಲ ಮೆಟ್ಟಿಲು
ಶನಿವಾರ, ಹದಿನಾಲ್ಕನೇ ತಾರೀಖು, ಊಟವಾದ ಮೇಲೆ

ಪ್ರೀತಿಯ ಪುಟ್ಟೀ,

ಹೇಗಿದ್ದೀಯಮ್ಮ? ಬೆರಳಿನ ಸುಟ್ಟ ಗಾಯ ಮಾಗಿತೇ? ಬಿಸಿ ಸೈಲೆನ್ಸರನ್ನು ಬರಿಗೈಯಲ್ಲಿ ಮುಟ್ಟಬಾರದು ಎಂದು ಕಲಿಯಲು ಅಷ್ಟು ದೂರದ ತರಬೇತಿ ಶಾಲೆಗೆ ಹೋಗಬೇಕಾಗಿರಲಿಲ್ಲ; ಅದೇ ಪಾಠವನ್ನು ನಾನು ನಿನಗೆ ಐದನೇ ವಯಸ್ಸಿನಲ್ಲೇ, ಅಳು ಮತ್ತು ಮುಲಾಮು ಸಮೇತ, ಮನೆಯಲ್ಲೇ ಕಲಿಸಿಕೊಟ್ಟಿದ್ದೆ. ಊಟ ಸೇರುತ್ತಿದೆಯೇ, ನಿದ್ದೆ ಬರುತ್ತಿದೆಯೇ, ನಿನ್ನ ರೂಮಿನ ಜೊತೆಗಾತಿ ಈಗಲೂ ನಿದ್ದೆಯಲ್ಲಿ ಗೇರ್ ಬದಲಾಯಿಸುತ್ತಾಳೆಯೇ ಎಂದು ಅಜ್ಜಿ ಕೇಳುತ್ತಿದ್ದಾಳೆ. ಅವಳು ನನ್ನ ಪಕ್ಕದಲ್ಲೇ ಮೆಟ್ಟಿಲ ಮೇಲೆ ಕೂತು ಬಟಾಣಿ ಸುಲಿಯುತ್ತಿದ್ದಾಳೆ. “ಮೊದಲು ಮಗೂನ ಆರೋಗ್ಯ ಕೇಳಿ, ಆಮೇಲೆ ನಿಮ್ಮ ಪುರಾಣ ಬಿಚ್ಚಿ” ಎಂದು ಅಪ್ಪಣೆಯಾಗಿದೆ. ಕೇಳಿದ್ದಾಯಿತು. ಇಲ್ಲಿ ಎಲ್ಲರೂ ಕ್ಷೇಮ. ಅಜ್ಜಿಯ ಮಂಡಿ ಮೆಟ್ಟಿಲು ಇಳಿಯಲು ಒಪ್ಪುತ್ತದೆ, ಹತ್ತಲು ಒಪ್ಪುವುದಿಲ್ಲ. ನಿನ್ನ ಅಪ್ಪ ಅಮ್ಮ ಹೊಲಿಗೆ ಅಂಗಡಿಯಲ್ಲಿ ಶಾಲೆ ಸಮವಸ್ತ್ರಗಳ ರಾಶಿಯ ಕೆಳಗೆ ಎಲ್ಲೋ ಇದ್ದಾರೆ, ಊಟದ ಹೊತ್ತಿಗೆ ಹೊರಬರುತ್ತಾರೆ. ನನ್ನ ಮಟ್ಟಿಗೆ ಹೇಳುವುದಾದರೆ, ಕುತ್ತಿಗೆಯಿಂದ ಕೆಳಗೆ ಏನೂ ತೊಂದರೆಯಿಲ್ಲ.

ಇನ್ನು ವಿಷಯ. ನೀನು ಹೊರಡುವ ಹಿಂದಿನ ದಿನ ಅಡುಗೆಮನೆಯ ಮೇಜಿನ ಮುಂದೆ ಆದ ಒಪ್ಪಂದ ನಿನಗೆ ನೆನಪಿರಲೇಬೇಕು. ಬರೆದು ಗೋಡೆಗೆ ಅಂಟಿಸಿ ಹೋದವಳು ನೀನೇ. ಅದರ ಪ್ರಕಾರ ಮೂರು ತಿಂಗಳು ಟ್ರ್ಯಾಕ್ಟರ್ ನನ್ನ ವಶ. ಆದರೆ ಅದರ ಮೀಟರಿನಲ್ಲಿ ಕೆಂಪು ದೀಪ ಒಂದೇ ಒಂದು ಸಲ ಹತ್ತಿದರೂ ಕೀಲಿ ನಿನ್ನ ಅಪ್ಪನ ಕೈಗೆ ಹೋಗತಕ್ಕದ್ದು, ನೀನು ವಾಪಸು ಬಂದ ಮೇಲೂ ನಾನು ಆ ಸೀಟಿನ ಮೇಲೆ ಒಬ್ಬನೇ ಕೂರತಕ್ಕದ್ದಲ್ಲ. ಐವತ್ತು ವರ್ಷ ಟ್ರ್ಯಾಕ್ಟರ್ ಓಡಿಸಿದವನಿಗೆ ಇಪ್ಪತ್ಮೂರು ವರ್ಷದ ಹುಡುಗಿ ಹಾಕಿದ ಷರತ್ತು. ನಾನು ನಗುತ್ತಲೇ ಸಹಿ ಹಾಕಿದೆ. ಹೊಲಿಗೆ ಯಂತ್ರಕ್ಕಿಂತ ದೊಡ್ಡ ಯಂತ್ರ ಕಂಡರೆ ಗೋಡೆ ಹಿಡಿದು ನಡೆಯುವ ನಿನ್ನ ಅಪ್ಪನ ಕೈಗೆ ಟ್ರ್ಯಾಕ್ಟರಿನ ಕೀಲಿ ಹೋಗುವ ದಿನ ಹುಲಿ ಹುಲ್ಲು ತಿನ್ನುತ್ತದೆ ಎಂದೂ ಹೇಳಿದ್ದೆ. ಕಳೆದ ಮಂಗಳವಾರ ಹುಲಿ ಹುಲ್ಲು ತಿಂದಿತು. ಕೆಂಪು ದೀಪ ಹತ್ತಿತು. ಆದ್ದರಿಂದ ಇದನ್ನು ಬರಿಯ ಕಾಗದವೆಂದು ಓದದೆ, ಮುದುಕನೊಬ್ಬ ತನ್ನ ಮೊಮ್ಮಗಳ ನ್ಯಾಯಾಲಯಕ್ಕೆ ಸಲ್ಲಿಸಿದ ಮೇಲ್ಮನವಿ ಎಂದು ಓದಿಕೊಳ್ಳಬೇಕು. ಬೇಡಿಕೆ ಒಂದೇ. ನನಗೆ ಆ ಸೀಟು ಬೇಕು.

ಮೊದಲು ಅಪರಾಧಿಯ ಪೂರ್ವಚರಿತ್ರೆ. ಹಳೆಯ ಟ್ರ್ಯಾಕ್ಟರನ್ನು ನೀನು ನೋಡಿದ್ದು ಅದರ ಮುಪ್ಪಿನಲ್ಲಿ. ಯೌವನದಲ್ಲೂ ಅದು ಬೆಳಿಗ್ಗೆ ಸುಲಭಕ್ಕೆ ಏಳುವ ಪೈಕಿಯಲ್ಲ. ಹಿಂದಿನ ಸಂಜೆಯೇ ಇಳಿಜಾರಿನಲ್ಲಿ ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಡಬೇಕು. ಬೆಳಿಗ್ಗೆ ಕಲ್ಲು ತೆಗೆದು, ಉರುಳಲು ಬಿಟ್ಟು, ತಟಕ್ಕನೆ ಕ್ಲಚ್ ಬಿಡಬೇಕು. ಇಳಿಜಾರು ಮುಗಿಯುವುದರೊಳಗೆ ಎಂಜಿನ್ ಹತ್ತಿದರೆ ಆ ದಿನ ದುಡಿಮೆ, ಇಲ್ಲದಿದ್ದರೆ ನಾಲ್ಕು ಜನರನ್ನು ಕರೆದು ಮೇಲಕ್ಕೆ ತಳ್ಳಿಸಿ ಮತ್ತೆ ಮೊದಲಿಂದ. ಅಷ್ಟು ಕಾಡಿಸಿ ಹತ್ತಿದ ಎಂಜಿನ್ನನ್ನು ಸಂಜೆಯೊಳಗೆ ಆರಿಸುವ ಗಂಡಸು ಯಾರಿದ್ದ? ನಾನು ಚಹಾ ಕುಡಿಯುವಾಗ ಅದು ಓಡುತ್ತಿತ್ತು, ಊಟ ಮಾಡುವಾಗ ಓಡುತ್ತಿತ್ತು. ಕ್ಷೌರದ ಅಂಗಡಿಯ ಮುಂದೆ ಓಡುತ್ತಿತ್ತು. ಕ್ಷೌರದವನು ಅದರ ಗುಡುಗುಡು ತಾಳಕ್ಕೇ ಕತ್ತರಿ ಆಡಿಸುತ್ತಿದ್ದನಾದ್ದರಿಂದ ಆ ಕಾಲದ ಫೋಟೋಗಳಲ್ಲೆಲ್ಲ ನನ್ನ ತಲೆ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ನಿನ್ನ ಅಪ್ಪ ಹುಟ್ಟಿದ ದಿನ ಆಸ್ಪತ್ರೆಯ ಅಂಗಳದಲ್ಲಿ ಅದನ್ನು ಓಡುತ್ತ ಬಿಟ್ಟು ಒಳಗೆ ಹೋಗಿದ್ದೆ. ದಾದಿ ಹೊರಗೆ ಬಂದು, “ಒಳಗೆ ಅಳ್ತಿರೋದೂ ನಿಮ್ದೇ, ಹೊರಗೆ ಅಳ್ತಿರೋದೂ ನಿಮ್ದೇನಾ? ಎರಡ್ರಲ್ಲಿ ಒಂದನ್ನಾದ್ರೂ ಸುಮ್ನಿರಿಸಿ” ಎಂದಳು. ಒಳಗಿನದನ್ನು ಸುಮ್ಮನಿರಿಸಿದೆವು. ಯಂತ್ರ ಕಂಡರೆ ನಿನ್ನ ಅಪ್ಪನಿಗೆ ಆಗುವ ಹೆದರಿಕೆ ಅಂದಿನಿಂದಲೇ ಶುರುವಾಗಿರಬೇಕು.

ಸೈಲೆನ್ಸರಿನ ಬಾಯಿಗೆ ಮಳೆ ಬೀಳದಿರಲೆಂದು ಕವುಚುತ್ತಿದ್ದ ಹಾಲಿನ ಪುಡಿಯ ಡಬ್ಬಿ ನೆನಪಿದೆಯೇ? ಎಂಜಿನ್ ಹತ್ತಿದ ಕೂಡಲೇ ಅದು ಟಪ್ಪೆಂದು ಆಕಾಶಕ್ಕೆ ಹಾರುತ್ತಿತ್ತು. ನೀನು ಒಂದು ಚಪ್ಪಲಿ ಹಾಕಿಕೊಂಡು ಇನ್ನೊಂದನ್ನು ಕೈಯಲ್ಲಿ ಹಿಡಿದು ಅದರ ಹಿಂದೆ ಓಡುತ್ತಿದ್ದೆ. “ತಾತ, ಇವತ್ತು ಕೋಳಿಗೂಡಿನ ಮೇಲೆ. ಕೋಳಿಗೆ ಕೋಪ ಬಂದಿದೆ” ಎಂದು ವರದಿ ಒಪ್ಪಿಸುತ್ತಿದ್ದೆ. ಮತ್ತೆ ಅಜ್ಜಿಯ ಚಹಾ. ದೂರದ ತಿರುವಿನಲ್ಲಿ ನಾನು ಗೇರ್ ಬದಲಿಸಿದ ಸದ್ದಿಗೆ ಅವಳು ಒಲೆಯ ಮೇಲೆ ನೀರಿಡುವಳು. ಸೇತುವೆಯ ಮೇಲಿನ ಸದ್ದಿಗೆ ಚಹಾ ಪುಡಿ. ನಾನು ಅಂಗಳಕ್ಕೆ ಬಂದು ಇಳಿಯುವ ಹೊತ್ತಿಗೆ ಲೋಟ ಇದೇ ಮೆಟ್ಟಿಲ ಮೇಲೆ. ಮೂವತ್ತು ವರ್ಷ ನಮ್ಮಿಬ್ಬರ ನಡುವೆ “ಬಂದೆ” ಎಂಬ ಮಾತಾಗಲಿ “ಬಂದ್ರಾ” ಎಂಬ ಮಾತಾಗಲಿ ಬೇಕಾಗಿರಲಿಲ್ಲ. ನಾನು ಗಂಟಲು ಖರ್ಚು ಮಾಡದೆ ಸಂಸಾರ ಮಾಡಿದವನು. ಅಂಗಿಯ ಕಾಲರು ಮಸಿಯಾಗುತ್ತಿತ್ತು ನಿಜ, ಸೀನಿದರೆ ಕರವಸ್ತ್ರದಲ್ಲಿ ಕಾಡಿಗೆ ಸಿಗುತ್ತಿತ್ತು ಎಂಬುದೂ ನಿಜ. ಅದನ್ನು ನಾವು ದುಡಿಮೆಯ ಗುರುತೆಂದು ತಿಳಿದಿದ್ದೆವು.

ಆಮೇಲೆ ಹೊಸದು ಬಂತು. ಮೊದಲ ದಿನವೇ ಹೇಳಿದ್ದೆ, ಇದಕ್ಕೆ ಬಾಯಿಲ್ಲ ಎಂದು. ಹೊಗೆಯಿಲ್ಲ, ಗುಡುಗಿಲ್ಲ, ಕೀಲಿ ತಿರುಗಿಸಿದರೆ ಮನೆಗೆ ಬಂದ ಹೊಸ ಸೊಸೆಯ ಹಾಗೆ ಮೆಲ್ಲಗೆ ಕೆಲಸ ಶುರು. ಅದರ ಹೊಟ್ಟೆಯಲ್ಲಿರುವ ಫಿಲ್ಟರ್ ಏನೆಂದು ನೀನು ಚಹಾ ಸೋಸುವ ಜಾಲರಿ ಹಿಡಿದು ವಿವರಿಸಿದ್ದೆ. “ಹಳೇದು ಮಸಿನೆಲ್ಲ ನಮ್ಮ ಮುಖಕ್ಕೆ ಉಗೀತಿತ್ತು ತಾತ. ಇದು ಸೋಸಿ ಒಳಗೇ ಇಟ್ಕೊಳ್ಳುತ್ತೆ. ಕೆಲಸ ಜೋರಾಗಿದ್ರೆ ಆ ಬಿಸಿಗೇ ಮಸಿ ಸುಟ್ಟು ಹೋಗುತ್ತೆ. ನಿಲ್ಲಿಸ್ಕೊಂಡು ಸುಮ್ನೆ ಓಡಿಸ್ತಿದ್ರೆ ಬಿಸಿ ಸಾಲಲ್ಲ, ಜಾಲರಿ ಕಟ್ಕೊಳ್ಳುತ್ತೆ.” ನಾನು ತಲೆಯಾಡಿಸಿದೆ. ಮಸಿ ಉಗಿಯುವುದು ಬಿಟ್ಟು ನುಂಗಿಕೊಂಡು ಕೂರುವ ಯಂತ್ರ ನಮ್ಮ ಮನೆಯ ಹೆಂಗಸರಿಗೆ ಸರಿಯಾದ ಜೊತೆ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಜೋರಾಗಿ ಹೇಳುವ ಧೈರ್ಯವಾಗಲಿಲ್ಲ.

ಗೋಡೆಯ ಕಾಗದದಲ್ಲಿರುವ ನಿನ್ನ ಒಂಬತ್ತು ನಿಯಮಗಳಲ್ಲಿ ಮೊದಲನೆಯದು: ಐದು ನಿಮಿಷಕ್ಕಿಂತ ಹೆಚ್ಚು ನಿಲ್ಲುವುದಾದರೆ ಎಂಜಿನ್ ಆರಿಸು. ಇದನ್ನು ನಾನು ಪಾಲಿಸಲಿಲ್ಲ ಎಂದು ಒಪ್ಪಿಕೊಳ್ಳುತ್ತೇನೆ. ಅಂಚೆಯವನು ಸಿಕ್ಕಿದರೆ ನಿಲ್ಲಿಸಿದೆ, ಅವನು ಹೊರಟ ಮೇಲೆ ಅವನ ಬಗ್ಗೆ ಮಾತಾಡಲು ಪಕ್ಕದ ಹೊಲದವನು ಬಂದ. ಯಾವಾಗಲೂ ಎಂಜಿನ್ ಓಡುತ್ತಿತ್ತು. ಆರಿಸಿದರೆ ಮತ್ತೆ ಹತ್ತದು ಎಂಬ ಐವತ್ತು ವರ್ಷದ ಭಯ ಕೈಯಲ್ಲಿ ಕೂತಿದೆ, ತಲೆಗೆ ಹೇಳಿದ ಪಾಠ ಅಲ್ಲಿಯ ತನಕ ಇಳಿಯುವುದಿಲ್ಲ. ಹೀಗೆ ಎರಡು ವಾರದಲ್ಲಿ ಫಿಲ್ಟರಿನ ಹಳದಿ ದೀಪ ಹತ್ತಿತು, ಆಮೇಲೆ ಮಿಣುಕತೊಡಗಿತು. ಮಿಣುಕಿದರೆ ಏನು ಮಾಡಬೇಕೆಂದು ಆರನೇ ನಿಯಮದಲ್ಲಿದೆ: ಒಣಹುಲ್ಲಿಲ್ಲದ ಬಯಲಲ್ಲಿ ನಿಲ್ಲಿಸು, ನ್ಯೂಟ್ರಲ್ ಹಾಕು, ಹ್ಯಾಂಡ್‌ಬ್ರೇಕ್ ಎಳೆ, ಮಸಿ ಸುಡುವ ಗುಂಡಿ ಒತ್ತು, ಅರ್ಧ ಗಂಟೆ ಅದರ ಪಾಡಿಗೆ ಬಿಡು, ನಡುವೆ ಆರಿಸಬೇಡ. ನಾನು ಅಕ್ಷರ ತಪ್ಪದೆ ಮಾಡಿದೆ. ನಿಲ್ಲಿಸಿದೆ, ಎಳೆದೆ, ಒತ್ತಿದೆ, ಕೈಕಟ್ಟಿ ಕೂತೆ.

ಎರಡು ನಿಮಿಷವಾಗಿರಬೇಕು. ಸೀಟು ನಡುಗಿತು, ಎಂಜಿನ್ ವೇಗದ ಮುಳ್ಳು ತಾನಾಗಿಯೇ ಏರತೊಡಗಿತು. ನಾನು ಪೆಡಲ್ ಮುಟ್ಟಿಲ್ಲ, ಲಿವರ್ ಮುಟ್ಟಿಲ್ಲ, ಎಂಜಿನ್ ತನ್ನಷ್ಟಕ್ಕೆ ಏರುತ್ತಿದೆ. ಪುಟ್ಟೀ, ನಾನು ಕೆಲಸ ಕಲಿಯುವ ಕಾಲದಲ್ಲಿ ಒಂದು ಎಂಜಿನ್ ಹಾಗೆಯೇ ಹುಚ್ಚು ಹಿಡಿದು ಏರಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಅದರ ಒಂದು ತುಂಡು ಶೆಡ್ಡಿನ ತಗಡು ಹರಿದುಕೊಂಡು ಹೋಯಿತು. ನನಗೆ ಕೆಲಸ ಕಲಿಸಿದ ಮೇಸ್ತ್ರಿ ಅಂದೇ ನನ್ನ ಕಿವಿ ಹಿಂಡಿ ಹೇಳಿದ್ದ: “ಎಂಜಿನ್ ತಾನಾಗೇ ಏರಿತಾ, ಯೋಚ್ನೆ ಮಾಡ್ಬೇಡ. ಮೊದ್ಲು ಆರ್ಸು, ಆಮೇಲೆ ಉಸಿರು ಬಿಡು.” ಆರಿಸಿದೆ, ಉಸಿರು ಬಿಟ್ಟೆ. ಮನೆಗೆ ಹೋಗಿ ಗೋಡೆಯ ಮೇಲಿನ ಕಾಗದ ಓದಿದೆ. “ಎಂಜಿನ್ ತಾನಾಗಿ ಜೋರಾಗುತ್ತೆ, ಹೆದರಬೇಡ ತಾತ” ಎಂದು ನೀನು ಕೆಳಗೆ ಎರಡು ಗೆರೆ ಎಳೆದು ಬರೆದಿದ್ದೆ. ಮಾರನೆಯ ದಿನ ಮತ್ತೆ ಒತ್ತಿದೆ. ಏರಿತು, ಆರಿಸಿದೆ. ಹೀಗೆ ಐದು ಸಲ. ಐದನೆಯ ಸಲ ಬಲಗೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದೆ. ಎಡಗೈ ಬಂದು ಆರಿಸಿತು.

ಮಂಗಳವಾರ ಟ್ರೇಲರಿನಲ್ಲಿ ಆಲೂಗಡ್ಡೆ ಮೂಟೆಗಳನ್ನು ಹೇರಿಕೊಂಡು ಶಾಲೆಯ ಪಕ್ಕದ ಏರು ಹತ್ತುತ್ತಿದ್ದೆ. ಅರ್ಧ ಏರಿನಲ್ಲಿ ಕೆಂಪು ದೀಪ. ಅದರ ಹಿಂದೆಯೇ ಎಂಜಿನ್ ಉಸಿರು ಬಿಟ್ಟಿತು. ಪೆಡಲ್ ಎಷ್ಟು ತುಳಿದರೂ ಸರ್ಕಾರಿ ಕಚೇರಿಗೆ ಅರ್ಜಿ ಕೊಟ್ಟಂತೆ. ಬ್ರೇಕ್ ಹಿಡಿದು, ಇಳಿದು, ಚಕ್ರಕ್ಕೆ ಕಲ್ಲು ಕೊಟ್ಟೆ. ಹಿಂದೆ ಒಂದು ಬಸ್ಸು, ಎರಡು ಕಾರು, ಒಂದು ಬ್ರೆಡ್ ವ್ಯಾನು. ಎಲ್ಲರೂ ಹಾರ್ನ್ ಹೊಡೆದರಂತೆ. ಶಾಲೆಯ ಕಿಟಕಿಗಳಲ್ಲೆಲ್ಲ ತಲೆಗಳು. ನಾನು ಮುಖಕ್ಕೆ ಮಸಿ ಬಳಿದುಕೊಂಡದ್ದನ್ನು ಊರು ಒಟ್ಟಿಗೆ ಕೂತು ನೋಡಿತು. ಆಗ ಏರಿನ ಮೇಲಿನಿಂದ ಇಳಿದು ಬಂದವನು ಇಟ್ಟಿಗೆ ಗೂಡು ನಡೆಸುವ ನಮ್ಮ ಇಟ್ಟಿಗೆಯವನು, ಬಂದದ್ದು ಯಾವುದರ ಮೇಲೆ ಎಂದು ಬೇರೆ ಹೇಳಬೇಕೇ? ನಾವು ಅವನಿಗೆ ಮಾರಿದ ನಮ್ಮ ಹಳೆಯದರ ಮೇಲೆಯೇ. “ಏನ್ ಯಜಮಾನ್ರೇ, ಮಗಳು ಕೈ ಕೊಟ್ಲಾ, ಅಜ್ಜಿನ ಕರ್ಕೊಂಡು ಬಂದಿದೀನಿ” ಎಂದ. ಟ್ರೇಲರನ್ನು ರಸ್ತೆ ಬದಿಗೆ ಸರಿಸಿ ಕಳಚಿದೆವು. ಕೆಂಪು ದೀಪವಿದ್ದರೆ ಓಡಿಸಲೇಬೇಡ ಎಂಬ ನಿನ್ನ ಎಂಟನೇ ನಿಯಮಕ್ಕೆ ತಲೆಬಾಗಿ ಎಂಜಿನ್ ಆರಿಸಿ ಕೂತೆ. ಅವನು ಹಗ್ಗ ಕಟ್ಟಿ ಎಳೆದ.

ಆ ಹತ್ತು ನಿಮಿಷವನ್ನು ನಿನಗೆ ಹೇಗೆ ಹೇಳಲಿ. ಮುಂದೆ ಹಳೆಯದು, ಹಿಂದೆ ಹೊಸದು, ಮೇಲೆ ನಾನು. ಅದರ ಕರಿ ಹೊಗೆ ನೇರ ನನ್ನ ಮುಖಕ್ಕೆ ಬರುತ್ತಿತ್ತು, ಕಣ್ಣಲ್ಲಿ ನೀರು. ಎಡ ಮಡ್‌ಗಾರ್ಡಿನ ಮೇಲೆ ನೀನು ಕೂರುತ್ತಿದ್ದ ಜಾಗದಲ್ಲಿ ಬಣ್ಣ ಸವೆದು ಹೋದ ಗುರುತು ಹಾಗೇ ಇದೆ. ನಿನ್ನ ಪ್ರಶ್ನೆಗಳೆಲ್ಲ ನೆನಪಾದವು: ಹೊಗೆ ಎಲ್ಲಿಗೆ ಹೋಗುತ್ತೆ ತಾತ, ಟ್ರ್ಯಾಕ್ಟರಿಗೆ ನೆಗಡಿ ಬರುತ್ತಾ ತಾತ, ನೀನು ಸತ್ತರೆ ಇದನ್ನ ಯಾರು ಓಡಿಸ್ತಾರೆ ತಾತ. ಒಂದೇ ಒಂದು ಕೊರತೆ ಇತ್ತು. ಸದ್ದು. ಹಗ್ಗದಷ್ಟು ದೂರದಲ್ಲಿ ಎಳೆಯುತ್ತಿರುವ ಯಂತ್ರದ ಗುಡುಗು ಪಕ್ಕದ ಮನೆಯಲ್ಲಿ ಯಾರೋ ರಾಗಿ ಬೀಸುವಷ್ಟು ಸಣ್ಣಗೆ ಬರುತ್ತಿತ್ತು. ಇಟ್ಟಿಗೆಯವನು ಏನೋ ಮಾಡಿಸಿ ಅದರ ಬಾಯಿ ಕಟ್ಟಿಸಿದ್ದಾನೆ ಎಂದು ನನಗೆ ಹೊಟ್ಟೆಯುರಿಯಿತು. ಮನೆ ಮುಟ್ಟಿದ ಮೇಲೆ ಕೇಳಿಯೂ ಕೇಳಿದೆ. ಅವನು ಹಳೆಯದರ ಸೈಲೆನ್ಸರಿನ ಕಡೆ ಬೆರಳು ತೋರಿಸಿದ. “ಏನೂ ಮಾಡ್ಸಿಲ್ಲ ಯಜಮಾನ್ರೇ. ಸೈಲೆನ್ಸರ್ ತೂತು ಬಿದ್ದು ಊರೆಲ್ಲ ಬೈತಾ ಇದೆ” ಎಂದ. ಈ ವಿಷಯವನ್ನು ಇಲ್ಲಿಗೇ ಬಿಡೋಣ.

ಮಧ್ಯಾಹ್ನ ಕಂಪನಿಯ ಮೆಕ್ಯಾನಿಕ್ ಬಂದ. ಸ್ಪ್ಯಾನರಿಲ್ಲ, ಎಣ್ಣೆ ಡಬ್ಬಿಯಿಲ್ಲ, ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲೊಂದು ಲ್ಯಾಪ್‌ಟಾಪು. ಅಜ್ಜಿ ಅವನಿಗೆ ‘ಪೆಟ್ಟಿಗೆ ಡಾಕ್ಟರು’ ಎಂದು ಹೆಸರಿಟ್ಟಿದ್ದಾಳೆ. ಒಂದು ವಯರು ಚುಚ್ಚಿದನೋ ಇಲ್ಲವೋ, ಟ್ರ್ಯಾಕ್ಟರ್ ಅವನ ಮುಂದೆ ನನ್ನ ಮೇಲೆ ಚಾಡಿ ಹೇಳಲು ಶುರು ಮಾಡಿತು. ಎಷ್ಟು ಗಂಟೆ ಸುಮ್ಮನೆ ನಿಂತು ಓಡಿದೆ, ಎಷ್ಟು ಸಲ ಮಸಿ ಸುಡುವುದನ್ನು ನಡುವೆ ನಿಲ್ಲಿಸಲಾಗಿದೆ, ಎಲ್ಲಕ್ಕೂ ತಾರೀಖು, ಗಂಟೆ, ನಿಮಿಷ. ಇಷ್ಟು ದಿನ ಬಾಯಿಲ್ಲದ್ದು ಎಂದುಕೊಂಡಿದ್ದೆನಲ್ಲ, ಗಂಡಸರು ಹೀಗೇ ಮೋಸ ಹೋಗುವುದು. “ಅಲಾರಂ ಹೊಡೀತಾನೇ ಇತ್ತಲ್ಲ ತಾತ. ಎರಡು ವಾರದಿಂದ ಹೊಡೆದಿದೆ. ಕೇಳ್ಸಿಲ್ವಾ?” ಎಂದ. ಬಾಗಿಲಲ್ಲಿ ನಿಂತಿದ್ದ ಅಜ್ಜಿ, “ಅದು ಹಾಗೆ ಕೂಗೋ ಜಾತಿಯೇ ಇರ್ಬೇಕು ಅಂದ್ಕೊಂಡಿದ್ದೆ. ಅಡುಗೆಮನೆಗೆಲ್ಲ ಕೇಳ್ತಿತ್ತು” ಎಂದಳು. ನಾನು, “ಕೇಳ್ಸಿತು, ಮರ್ಯಾದೆಗೆ ಸುಮ್ನಿದ್ದೆ” ಎಂದೆ. ಮೆಕ್ಯಾನಿಕ್ ನಕ್ಕ. ಅಜ್ಜಿ ನಗಲಿಲ್ಲ.

ಅಂತೂ ಅವನ ಪೆಟ್ಟಿಗೆಯಿಂದಲೇ ಮಸಿ ಸುಡುವ ಆಜ್ಞೆ ಹೋಯಿತು. ಟ್ರ್ಯಾಕ್ಟರನ್ನು ಅಂಗಳದ ನಡುವೆ ನಿಲ್ಲಿಸಿ, ಅಜ್ಜಿಯ ಒಗೆದ ಬಟ್ಟೆಗಳನ್ನು ದೂರ ಸರಿಸಿ, ನಾವು ಮೂವರೂ ಕುರ್ಚಿ ಹಾಕಿಕೊಂಡು ಸಿನಿಮಾ ನೋಡುವವರಂತೆ ಕೂತೆವು. ಎಂಜಿನ್ ಏರಿತು. ನನ್ನ ಎರಡು ಕೈಗಳನ್ನೂ ಅಜ್ಜಿ ಹಿಡಿದುಕೊಂಡಿದ್ದಳು. ಸೈಲೆನ್ಸರಿನ ಮೇಲಿನ ಗಾಳಿ ಕಾದ ಬಾಣಲೆಯ ಮೇಲಿನ ಗಾಳಿಯಂತೆ ಕುಣಿಯಿತು. ಮುಕ್ಕಾಲು ಗಂಟೆಗೆ ಮುಳ್ಳು ಇಳಿದು ತಣ್ಣಗಾಯಿತು, ದೀಪಗಳೆಲ್ಲ ಆರಿದವು. ಫಿಲ್ಟರಿಗೆ ಏನೂ ಆಗಿಲ್ಲ, ಇನ್ನೆರಡು ದಿನ ಹೀಗೇ ಬಿಟ್ಟಿದ್ದರೆ ಆಗುತ್ತಿತ್ತು ಎಂದ. ಹುಟ್ಟುಗುಣ ಸುಟ್ಟರೂ ಹೋಗದು ಎಂದು ಹಿರಿಯರು ಹೇಳಿದ್ದು ಮಸಿಯ ಬಗ್ಗೆ ಅಲ್ಲ, ಮಸಿ ಹೋಗುತ್ತದೆ. ಅವರು ನನ್ನಂಥವರನ್ನು ನೋಡಿಯೇ ಹೇಳಿರಬೇಕು.

ಈಗ ವಾದದ ಸಾರಾಂಶ. ಅಪರಾಧಿ ತಿದ್ದಿಕೊಂಡಿದ್ದಾನೆ. ಬುಧವಾರ ಅಂಚೆಯವನು ಸಿಕ್ಕಾಗ ಎಂಜಿನ್ ಆರಿಸಿದೆ. ಅವನು ನನಗೆ ಏನೋ ಆಗಿದೆಯೆಂದು ಹೆದರಿ ಸೈಕಲ್ಲಿನಿಂದ ಇಳಿದ. ಮತ್ತೆ ಕೀಲಿ ತಿರುಗಿಸಿದಾಗ ಮೊದಲ ಸಲಕ್ಕೇ ಹತ್ತಿತು, ಇದು ನನಗೆ ಇನ್ನೂ ಪವಾಡದಂತೆ ಕಾಣುತ್ತಿದೆ. ಹೊಲದಲ್ಲಿ ಎಂಜಿನ್ನನ್ನು ಮುದ್ದು ಮಾಡದೆ ಜೋರಾಗಿ ದುಡಿಸುತ್ತಿದ್ದೇನೆ. ಕೀಲಿ ಇನ್ನೂ ನನ್ನ ಜೇಬಿನಲ್ಲೇ ಇದೆ, ನಿನ್ನ ಅಪ್ಪ ಕೇಳಿಲ್ಲ, ಕೇಳುವ ಲಕ್ಷಣವೂ ಇಲ್ಲ; ಜೇಬಿನ ಕಡೆ ನೋಡಿದರೆ ಸಾಕು ಅವನೇ ಬೆವರುತ್ತಾನೆ. ಮೊದಲ ತಪ್ಪು, ಹಳೆಯ ಸೇವೆ, ಮುಪ್ಪಿನ ವಯಸ್ಸು, ಇವಿಷ್ಟನ್ನೂ ಪರಿಗಣಿಸಿ ಒಂದು ದೀಪವನ್ನು ಮನ್ನಿಸಬೇಕಾಗಿ ಪ್ರಾರ್ಥನೆ.

ಚೆನ್ನಾಗಿ ಕಲಿ, ಹೊಟ್ಟೆ ತುಂಬ ಉಣ್ಣು, ಕೈಗವಸು ಹಾಕಿಕೋ. ನಿನ್ನ ಕೈಗೆ ಬಂದ ಯಂತ್ರವೆಲ್ಲ ನಿನ್ನ ಮಾತು ಕೇಳಲಿ. ಅಜ್ಜಿಯ ಮುತ್ತು, ಅಪ್ಪ ಅಮ್ಮನ ಅಕ್ಕರೆ, ಇವೆರಡನ್ನೂ ಸೇರಿಸಿದರೂ ಸಾಲದಷ್ಟು ನನ್ನದು.

ಇಂತಿ ನಿನ್ನ,
ಸದ್ಯಕ್ಕೆ ಕೀಲಿ ಜೇಬಿನಲ್ಲಿರುವ
ತಾತ

ಮರೆತ ಮಾತು: ಅಂಚೆಯವನು ಬಂದು ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಮೇಲಿನ ಮೇಲ್ಮನವಿಯನ್ನು ವಾಪಸು ತೆಗೆದುಕೊಂಡಿದ್ದೇನೆ. ಮೊನ್ನೆ ಗುರುವಾರ ಟ್ರ್ಯಾಕ್ಟರನ್ನು ಶೆಡ್ಡಿಗೆ ಹಿಮ್ಮುಖವಾಗಿ ಬಿಡುತ್ತಿದ್ದೆ. ಅಜ್ಜಿ ಹಿಂದೆ ಇದ್ದಳು, ಮಂಡಿ ಹಿಡಿದು ಕೂತುಬಿಟ್ಟಿದ್ದಳು. ಮೂರು ಸಲ ಕೂಗಿದಳಂತೆ, ನನಗೆ ಕೇಳಿಸಲಿಲ್ಲ. ಕೈಯಲ್ಲಿದ್ದ ಬಕೆಟ್ ಎಸೆದಳು, ಅದು ಬಂದು ನನ್ನ ಬೆನ್ನಿಗೆ ಬಿದ್ದದ್ದಕ್ಕೆ ನಿಲ್ಲಿಸಿದೆ. ಚಕ್ರಕ್ಕೂ ಅವಳಿಗೂ ನಡುವೆ ಒಂದು ಗೇಣು. ಅವಳು ಯಾರಿಗೂ ಹೇಳಿಲ್ಲ, ನನ್ನನ್ನೂ ಬೈಯಲಿಲ್ಲ, ಅದೇ ತಡೆಯಲಾಗುತ್ತಿಲ್ಲ. ಕೇಳಿಸುವುದು ಒಂದು ವರ್ಷದಿಂದಲೇ ಕಡಿಮೆಯಾಗಿತ್ತು. ಟ್ರ್ಯಾಕ್ಟರಿಗೆ ಬಾಯಿಲ್ಲ ಎಂದುಕೊಂಡು ದಿನ ತಳ್ಳಿದೆ. ಕೀಲಿಯನ್ನು ಈಗ ಅವಳ ಮಡಿಲಿಗೆ ಹಾಕಿದೆ, ಬಟಾಣಿ ಸಿಪ್ಪೆಯ ಜೊತೆ. ಅವಳು ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಬರುವ ಬುಧವಾರ ಕಿವಿ ಡಾಕ್ಟರ ಹತ್ತಿರ ಹೋಗುತ್ತಿದ್ದೇವೆ. ನೀನು ಬಂದ ಮೇಲೆ ನೀನೇ ಓಡಿಸು, ನಾನು ಜೊತೆಗೆ ಬರುತ್ತೇನೆ. ಬೈಯುವುದಿದ್ದರೆ ಎಡಗಡೆ ನಿಂತು ಬೈ. ಬಲಗಡೆ ಬೈದದ್ದೆಲ್ಲ ದಂಡ.